ಚಲುವಯ್ಯನ ಹತ್ತೊಂಬತ್ತನೇ ರೂಲು

ಕಿರಂಗೂರಿನ ಬಳಿ ಹೆದ್ದಾರಿಗೆ ಮುಖ ಮಾಡಿಕೊಂಡಿದ್ದ ಒಂದು ಖಾಸಗಿ ವೇಬ್ರಿಡ್ಜಿನಲ್ಲಿ ಚಲುವಯ್ಯ ಇಪ್ಪತ್ತಾರು ವರ್ಷ ಲಾರಿ ತೂಗಿದ. ಕಬ್ಬು, ಭತ್ತ, ಬೆಲ್ಲ, ಇಟ್ಟಿಗೆ, ಒಂದು ಸಲ ಸರ್ಕಸ್ಸಿನವರ ಒಂಟೆ, ಎಲ್ಲವೂ ಅವನ ಕಣ್ಣೆದುರೇ ತೂಗಿಸಿಕೊಂಡು ಹೋದವು. ತೂಕದ ಕೆಲಸ ಮಾಡುವವನಿಗೆ ಮನುಷ್ಯರ ಮೇಲೆ ನಂಬಿಕೆ ಉಳಿಯುವುದು ಕಷ್ಟ. ಖಾಲಿ ಲಾರಿ ತೂಗಿಸುವಾಗ ಕ್ಲೀನರನ್ನು ಕೆಳಗಿಳಿಸಿ, ಲೋಡು ತೂಗಿಸುವಾಗ ಅವನ ಜೊತೆಗೆ ಅವನ ಇಬ್ಬರು ಭಾವಮೈದಂದಿರನ್ನೂ ಟಾರ್ಪಾಲಿನಡಿ ಮಲಗಿಸುವ ಮಹಾನುಭಾವರನ್ನು ಅವನು ಕಂಡಿದ್ದ. ಒಂದೊಂದು ಮೋಸ ಸಿಕ್ಕಿದಾಗಲೂ ಚಲುವಯ್ಯ ಒಂದೊಂದು ರೂಲು ಬರೆದು ಗೋಡೆಗೆ ಅಂಟಿಸುತ್ತಿದ್ದ. ಕೊನೆಗೆ ತೂಕದ ಕೋಣೆಯಲ್ಲಿ ಕ್ಯಾಲೆಂಡರ್ ನೇತುಹಾಕಲೂ ಜಾಗ ಉಳಿಯಲಿಲ್ಲ. ರೂಲು ಸರಿಯಾಗಿದ್ದರೆ ಮನುಷ್ಯ ತಾನಾಗಿಯೇ ಸರಿಯಾಗುತ್ತಾನೆ ಎನ್ನುವುದು ಅವನ ನಂಬಿಕೆ. ಹೆಂಡತಿಯ ಅಡುಗೆಮನೆಯಲ್ಲೂ ಒಂದು ಚೀಟಿ ಅಂಟಿಸಲು ಹೋಗಿ, ಆ ಚೀಟಿಯಿಂದಲೇ ಒಲೆ ಹತ್ತಿದ್ದನ್ನು ನೋಡಿದ ಮೇಲೆ ಮಾತ್ರ ಮನೆಯೊಂದನ್ನು ಬಿಟ್ಟುಬಿಟ್ಟಿದ್ದ.

ಅವನಿಗೆ ಇನ್ನೊಂದು ಹುಚ್ಚೂ ಇತ್ತು. ಇಪ್ಪತ್ತೆರಡನೇ ವಯಸ್ಸಿನಲ್ಲಿ ಬಾಳೆಗೊನೆಯ ಲಾರಿ ಹತ್ತಿ ಮದರಾಸಿಗೆ ಹೋದವನು, ಶೋಲಾವರಂನಲ್ಲಿ ಬೇಲಿಯಾಚೆ ನಿಂತು ಕಾಲು ಗಂಟೆ ಮೋಟಾರ್ ಸೈಕಲ್ ರೇಸು ನೋಡಿದ್ದ. ಆ ಕಾಲು ಗಂಟೆಯನ್ನು ಮುಂದಿನ ಇಪ್ಪತ್ತೆಂಟು ವರ್ಷ ಎಳೆದ. ಮೊದಮೊದಲು ಬೇಲಿಯಾಚೆ ನಿಂತಿದ್ದವನು, ಹೇಳುತ್ತ ಹೇಳುತ್ತ ಬೇಲಿಯೊಳಗೆ ಬಂದ. ಇನ್ನೂ ಕೆಲವು ವರ್ಷ ಕಳೆಯುವಷ್ಟರಲ್ಲಿ ಗೆದ್ದವನ ಕೈಗೆ ಸ್ಪ್ಯಾನರ್ ಕೊಟ್ಟವನೂ ಅವನೇ ಆದ. ಇಷ್ಟಾಗಿ ಅವನ ಹತ್ತಿರ ಇದ್ದದ್ದು ಒಂದು ಸೈಕಲ್ಲು. ಗೇರಿನ ಗಾಡಿ ಹಾಗಿರಲಿ, ಗೇರಿಲ್ಲದ ಗಾಡಿಯನ್ನೂ ಅವನು ಜನ್ಮದಲ್ಲಿ ಓಡಿಸಿರಲಿಲ್ಲ.

ತೊಂಬತ್ಮೂರರ ಹೊತ್ತಿಗೆ ಶ್ರೀರಂಗಪಟ್ಟಣದ ಹುಡುಗರಿಗೆ ಹೊಸ ಆಟ ಶುರುವಾಗಿತ್ತು. ಭಾನುವಾರ ಬೆಳಿಗ್ಗೆ ಅಪ್ಪಂದಿರ ಗಾಡಿ ತಂದು ವೇಬ್ರಿಡ್ಜಿನಿಂದ ಹೊಳೆಯ ಸೇತುವೆವರೆಗೆ ಪಂದ್ಯ ಕಟ್ಟುವುದು. ಬಸ್ಸು, ಲಾರಿ, ಎತ್ತಿನಗಾಡಿಗಳ ನಡುವೆಯೇ ಸೂಜಿಯಲ್ಲಿ ದಾರ ಪೋಣಿಸಿದಂತೆ ನುಗ್ಗುತ್ತಿದ್ದರು. ಒಂದು ಭಾನುವಾರ ಒಬ್ಬ ಹುಡುಗ ಜಾರಿ ಬಿದ್ದು, ಉರುಳಿಕೊಂಡು ಬಂದು ತೂಕದ ಕಟ್ಟೆಗೆ ತಗುಲಿ ನಿಂತ. ಮೊಣಕೈಯ ಚರ್ಮವೆಲ್ಲ ಹೋಗಿತ್ತು. ಚಲುವಯ್ಯ ಓಡಿಬಂದು ಗಾಯ ತೊಳೆದರೆ ಅವನು ನೋವು ಅನ್ನಲಿಲ್ಲ, ಅಮ್ಮಾ ಅನ್ನಲಿಲ್ಲ.

“ಅಣ್ಣ, ಯಾರ್ ಮುಂದೋದ್ರು?” ಎಂದು ಕೇಳಿದ.

ಆ ಮಾತು ಚಲುವಯ್ಯನ ಎದೆಗೆ ನಾಟಿತು. ಈ ಹುಡುಗರನ್ನು ಬೈದು ಪ್ರಯೋಜನವಿಲ್ಲ, ರೋಡಿನಿಂದ ಎಬ್ಬಿಸಿ ಗದ್ದೆಬಯಲಿಗೆ ಇಳಿಸಬೇಕು ಎಂದು ತೀರ್ಮಾನಿಸಿದ. ಇಲ್ಲಿಯವರೆಗೆ ಅವನ ಬುದ್ಧಿ ನೆಟ್ಟಗೇ ಇತ್ತು. ಆಮೇಲೆ ಅವನು ಪೆನ್ನು ಕೈಗೆತ್ತಿಕೊಂಡ.

ಮೂರು ವಾರದಲ್ಲಿ ಮೂವತ್ತೊಂದು ರೂಲುಗಳಾದವು. ಹದಿನಾರರಿಂದ ಹತ್ತೊಂಬತ್ತು ವಯಸ್ಸಿನವರಿಗೆ ಮಾತ್ರ. ಹದಿನಾರಕ್ಕೆ ಲೈಸೆನ್ಸ್ ಸಿಗುವುದು ಗೇರಿಲ್ಲದ ಐವತ್ತು ಸಿಸಿ ಗಾಡಿಗೆ, ಆದ್ದರಿಂದ ಮೊಪೆಡ್ಡು ಮಾತ್ರ. ಇಂಜಿನ್ನು ಕಂಪನಿಯಿಂದ ಬಂದ ಹಾಗೇ ಇರಬೇಕು. ಹೆಲ್ಮೆಟ್ಟು ಕಡ್ಡಾಯ. ಬಡವರ ಮಕ್ಕಳೂ ಓಡಬೇಕು, ದುಡ್ಡಿದ್ದವನಿಗೆ ಹೆಚ್ಚು, ಇಲ್ಲದವನಿಗೆ ಕಮ್ಮಿ ಅನ್ನುವ ಮಾತೇ ಇರಬಾರದು ಎನ್ನುವುದು ಅವನ ಆಸೆ. ಆದರೆ ಚಾಪೆ ಕೆಳಗೆ ತೂರುವವನಿಗೆ ರೂಲು ಮಾಡಿದರೆ ರಂಗೋಲಿ ಕೆಳಗೆ ತೂರುವವನು ಹುಟ್ಟಿಕೊಳ್ಳುತ್ತಾನೆಂದು ವೇಬ್ರಿಡ್ಜು ಅವನಿಗೆ ಕಲಿಸಿತ್ತು. ಗುಟ್ಟಾಗಿ ಇಂಜಿನ್ನಿಗೆ ದುಡ್ಡು ಸುರಿಯುವವನನ್ನು ಹಿಡಿಯುವುದು ಹೇಗೆ?

ಉತ್ತರ ಅವನಿಗೆ ಸಿಕ್ಕಿದ್ದು ಅವನ ಅಪ್ಪನ ಕಾಲದ ಪಾಲು ಪಂಚಾಯ್ತಿಯಿಂದ. ಅಣ್ಣತಮ್ಮಂದಿರು ಜಮೀನು ಹಂಚಿಕೊಳ್ಳುವಾಗ ದೊಡ್ಡವನು ಪಾಲು ಮಾಡಬೇಕು, ಚಿಕ್ಕವನು ಆರಿಸಿಕೊಳ್ಳಬೇಕು. ಆಗ ದೊಡ್ಡವನ ಕೈ ತಾನಾಗಿಯೇ ನೆಟ್ಟಗಾಗುತ್ತದೆ. ಚಲುವಯ್ಯ ಹತ್ತೊಂಬತ್ತನೇ ರೂಲು ಬರೆದ: ಓಟ ಮುಗಿದ ಅರ್ಧ ಗಂಟೆಯೊಳಗೆ, ಓಟ ಪೂರೈಸಿದ ಯಾವ ಸವಾರನ ಮನೆಯವರಾದರೂ ಸರಿ, ನಾಲ್ಕು ಸಾವಿರ ರೂಪಾಯಿ ಮೇಜಿನ ಮೇಲಿಟ್ಟು, ಓಡಿದ ಯಾವ ಗಾಡಿಯನ್ನಾದರೂ ಕೇಳಿ ಪಡೆಯಬಹುದು. ಗಾಡಿಯವರು ಇಲ್ಲ ಅನ್ನುವಂತಿಲ್ಲ.

ಹಳೇ ಮೊಪೆಡ್ಡಿಗೆ ಪೇಟೆಯಲ್ಲಿ ಅಷ್ಟೇ ಬೆಲೆ. ಅದರ ಮೇಲೆ ಎಂಟು ಸಾವಿರ ಸುರಿದವನು ನಾಲ್ಕಕ್ಕೆ ಕಳೆದುಕೊಳ್ಳಬೇಕು. ಯಾವ ಮುಠ್ಠಾಳ ಸುರಿಯುತ್ತಾನೆ? ಚಲುವಯ್ಯ ಆ ಸಾಲನ್ನು ಓದಿ ಓದಿ ತಾನೇ ತಲೆದೂಗಿದ.

ಬಯಲು ಬೇಕಿತ್ತು, ಅಧ್ಯಕ್ಷರೂ ಬೇಕಿತ್ತು. ಎರಡೂ ಒಂದೇ ಮನೆಯಲ್ಲಿ ಸಿಕ್ಕವು. ಕಿರಂಗೂರಿನ ನಂಜಪ್ಪನಿಗೆ ರೈಸ್ ಮಿಲ್ಲಿತ್ತು, ಕುಯ್ಲು ಮುಗಿದು ಖಾಲಿ ಬಿದ್ದ ಗದ್ದೆಯಿತ್ತು, ಹದಿನೇಳು ವರ್ಷದ ಅಪ್ಪು ಎಂಬ ಮಗನಿದ್ದ, ಮತ್ತು ಯಾವ ಸಭೆಯಾದರೂ ಸರಿ, ಮಧ್ಯದ ಕುರ್ಚಿ ತನ್ನದೇ ಎನ್ನುವ ದೃಢ ವಿಶ್ವಾಸವಿತ್ತು. ಚಲುವಯ್ಯ ರೂಲ್ಸು ಪುಸ್ತಕ ಮುಂದಿಟ್ಟ.

“ಏನ್ಲಾ ಚಲುವ ಇದು, ಪಾಲುಪಟ್ಟಿಯಾ?”

“ರೂಲ್ಸು ಗೌಡ್ರೆ. ಒಂದ್ಸಲ ಓದ್ಬುಡಿ.”

“ಓದಕ್ ನೀನಿದ್ದೀಯಲ್ಲ, ನಾನ್ಯಾಕ್ಲಾ ಓದ್ಲಿ? ರುಜು ಎಲ್ಲಾಕ್ಬೇಕು ಅದ ಹೇಳು.”

ರುಜು ಹಾಕಿದ. ಹಾಕಿ, “ನಮ್ ಅಪ್ಪುನೂ ಓಡ್ತಾನೆ ಕಣ್ಲಾ. ಗೆಲ್ತಾನೆ,” ಎಂದು, ಆಗಲೇ ತೀರ್ಪು ಬಂದಾಗಿದೆ ಎನ್ನುವ ಧಾಟಿಯಲ್ಲಿ ಹೇಳಿದ.

ಆಮೇಲೆ ಚಲುವಯ್ಯ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಬಸ್ಸು ಹಿಡಿದು ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ ಸುತ್ತಿದ. ಸೇರಿಕೊಂಡ ಪ್ರತಿ ಹುಡುಗನ ಮನೆಗೂ ಹೋಗಿ ಮೂವತ್ತೊಂದನ್ನೂ ಗಟ್ಟಿಯಾಗಿ ಓದಿ ಹೇಳಿ ರುಜು ಪಡೆಯುವುದು ಮೂವತ್ತನೇ ರೂಲು. ಐದನೆಯದಕ್ಕೆ ಬರುವಷ್ಟರಲ್ಲಿ ಕೆಲವು ಅಪ್ಪಂದಿರು ದನ ಹಿಡಿಯಲು ಎದ್ದುಹೋದರು, ಕೆಲವರು ಕೂತಲ್ಲೇ ನಿದ್ದೆಹೋದರು. ಒಬ್ಬಳೇ ಒಬ್ಬಳು ಕೊನೆವರೆಗೆ ಕೇಳಿದಳು. ಸಿಂಧಘಟ್ಟದ ಚಿಕ್ಕಬೋರಮ್ಮ. ಅರವತ್ತು ದಾಟಿದ ಹೆಂಗಸು. ನಾಲ್ಕು ಎಮ್ಮೆ ಕಟ್ಟಿಕೊಂಡು, ಮೊಮ್ಮಗ ಮಂಜುನಾಥನ ಕೈಯಲ್ಲಿ ಮೊಪೆಡ್ಡಿನ ಮೇಲೆ ಡೈರಿಗೆ ಹಾಲು ಸಾಗಿಸುತ್ತಿದ್ದಳು. ಹತ್ತೊಂಬತ್ತನೆಯದು ಬಂದಾಗ ಅವಳು ಎಮ್ಮೆಯ ಕೆಚ್ಚಲು ಬಿಟ್ಟು ಎದ್ದುಬಂದಳು.

“ಇನ್ನೊಂದ್ ಕಿತ ಓದಪ್ಪ.”

ಓದಿದ.

“ಯಾರ್ ಗಾಡಿ ಬೇಕಾದ್ರೂವಾ?”

“ಓಡಿದ್ದು ಯಾರ್ ಗಾಡಿ ಬೇಕಾದ್ರೂ, ಅವ್ವ.”

“ಕೊಡಕಿಲ್ಲ ಅಂದ್ರೆ?”

“ಅನ್ನಂಗಿಲ್ಲ. ಅಧ್ಯಕ್ಷರೇ ರುಜು ಹಾಕವ್ರೆ. ಕಿರಂಗೂರ್ ನಂಜಪ್ಪನೋರು. ಅವ್ರ ಮಗಾನೂ ಓಡ್ತಾನೆ.”

“ಅನುಕೂಲಸ್ಥರಾ?”

“ರೈಸ್ ಮಿಲ್ ಐತೆ.”

ಚಿಕ್ಕಬೋರಮ್ಮ ಮತ್ತೇನೂ ಕೇಳದೆ ಹೆಬ್ಬೆಟ್ಟು ಒತ್ತಿದಳು. ಚಲುವಯ್ಯನಿಗೆ ಕಣ್ಣು ತುಂಬಿಬಂತು. ಮೂರು ತಾಲ್ಲೂಕು ಸುತ್ತಿದ ಮೇಲೆ ಕೊನೆಗೂ ಕಾನೂನಿನ ಮೇಲೆ ಗೌರವವಿರುವ ಒಂದು ಜೀವ ಸಿಕ್ಕಿತು ಎಂದುಕೊಂಡ.

ಇತ್ತ ನಂಜಪ್ಪ ಮಗನಿಗಾಗಿ ಒಂದು ಕೆಂಪು ಮೊಪೆಡ್ಡು ಕೊಂಡು, ನೇರವಾಗಿ ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡ್ ಹಿಂದಿನ ಮೆಕ್ಯಾನಿಕ್ ಅತಾವುಲ್ಲಾನ ಅಂಗಡಿಗೆ ಕಳಿಸಿದ. ಅತಾವುಲ್ಲಾ ಒಳ್ಳೆಯ ಕೈಗಾರ. ಯಾವ ಇಂಜಿನ್ನು ಕೊಟ್ಟರೂ ಅದಕ್ಕೆ ಏನು ನೋವು ಎಂದು ಕಿವಿಯಿಟ್ಟು ಕೇಳಿಯೇ ಹೇಳುತ್ತಿದ್ದ. ಅವನು ಹೆಡ್ಡು ತೇಯಿಸಿದ, ದೊಡ್ಡ ಕಾರ್ಬುರೇಟರ್ ಕೂರಿಸಿದ, ಸೈಲೆನ್ಸರಿನ ಹೊಟ್ಟೆ ಬಗೆದು ಒಳಗಿದ್ದ ತಗಡೆಲ್ಲ ಕಿತ್ತ. ಗಾಡಿ ಸ್ಟಾರ್ಟ್ ಮಾಡಿದರೆ ಬಸ್‌ಸ್ಟ್ಯಾಂಡಿನ ನಾಯಿಗಳು ಊರು ಬಿಡುತ್ತಿದ್ದವು. ಚಲುವಯ್ಯನಿಗೆ ಇದೊಂದೂ ತಿಳಿಯದು. ಅವನು ಅದೇ ವಾರ ಬಂದು, ನಾಲ್ಕು ತಾಲ್ಲೂಕಿಗೆ ನಿನ್ನಂಥ ನಿಯತ್ತಿನ ಮೆಕ್ಯಾನಿಕ್ ಇಲ್ಲವೆಂದು ಹೊಗಳಿ, ಅತಾವುಲ್ಲಾನನ್ನೇ ಗಾಡಿ ಪರೀಕ್ಷೆ ಮಾಡುವ ಅಧಿಕಾರಿಯಾಗಿ ನೇಮಿಸಿ ಹೋದ.

ತೊಂಬತ್ನಾಲ್ಕರ ಸಂಕ್ರಾಂತಿ ಕಳೆದ ಎರಡನೇ ಭಾನುವಾರ ಓಟ. ಗದ್ದೆಯ ಬದುಗಳನ್ನು ಟ್ರಾಕ್ಟರಿನಿಂದ ಮಟ್ಟ ಮಾಡಿ, ಸುತ್ತ ಸುಣ್ಣದ ಗೆರೆ ಎಳೆದಿದ್ದರು. ಹನ್ನೊಂದು ಹುಡುಗರು, ಹನ್ನೊಂದು ಮೊಪೆಡ್ಡು. ಚಿಕ್ಕಬೋರಮ್ಮ ಸಿಂಧಘಟ್ಟದಿಂದ ಮೊಮ್ಮಗನ ಹಿಂದೆಯೇ ಕೂತು, ಬುತ್ತಿಗಂಟು ಮಡಿಲಲ್ಲಿಟ್ಟುಕೊಂಡು ಬಂದಿಳಿದಳು. ಹಾಲಿನ ಕ್ಯಾನು ನೇತುಹಾಕುವ ಕಬ್ಬಿಣದ ಕೊಕ್ಕೆಗಳನ್ನು ಕೂಡ ಬಿಚ್ಚಿರಲಿಲ್ಲ.

ಅತಾವುಲ್ಲಾ ಒಂದೊಂದೇ ಗಾಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಪರೀಕ್ಷೆ ಮಾಡಿದ. ಅಪ್ಪುವಿನ ಗಾಡಿಯ ಮುಂದೆ ಸ್ವಲ್ಪ ಹೆಚ್ಚೇ ಹೊತ್ತು ಕೂತ, ಪ್ರೀತಿಯಿಂದ ಟ್ಯಾಂಕು ಸವರಿದ.

“ಏನಾದ್ರೂ ಕುಂದು ಐತಾ?” ಎಂದ ಚಲುವಯ್ಯ.

“ಕುಂದಾ? ಅಲ್ಲಾ ಕಸಂ ಚಲುವಣ್ಣ, ಇಂಥ ಗಾಡಿ ಇಡೀ ಬಯ್ಲಲ್ಲೇ ಇಲ್ಲ.”

ಅದು ಸತ್ಯವೇ ಆಗಿತ್ತು. ಚಲುವಯ್ಯ ಸರಿ ಗುರುತು ಹಾಕಿಕೊಂಡ.

ಬಾವುಟ ಬಿದ್ದದ್ದೇ ತಡ, ಅಪ್ಪುವಿನ ಗಾಡಿ ಸೌದೆ ಮಿಲ್ಲಿನ ಗರಗಸದ ಹಾಗೆ ಕಿರುಚಿಕೊಂಡು ಹಾರಿತು. ಅಪ್ಪು ಅದನ್ನು ಓಡಿಸುತ್ತಿದ್ದ ಅನ್ನುವುದಕ್ಕಿಂತ ಅದಕ್ಕೆ ಅಂಟಿಕೊಂಡಿದ್ದ ಅನ್ನುವುದೇ ಸರಿ. ಮೂರನೇ ಸುತ್ತಿನಲ್ಲಿ ತಿರುವು ಸಿಗದೆ ಹುಲ್ಲಿನ ಮೆದೆಯೊಳಗೆ ನುಗ್ಗಿ, ಆ ಕಡೆಯಿಂದ ಹೊರಬಂದು, ತಲೆತುಂಬ ಹುಲ್ಲು ಹೊತ್ತುಕೊಂಡೇ ಮುಂದುವರಿದ. ಆದರೂ ಹತ್ತು ಸುತ್ತು ಮುಗಿಸಿದಾಗ ಎರಡನೆಯವನು ಇನ್ನೂ ಎಂಟರಲ್ಲಿದ್ದ. ಮಂಜುನಾಥ ಕೊಕ್ಕೆಗಳ ಗಣಗಣ ಸದ್ದಿನೊಡನೆ, ಹಾಲು ತುಂಬಿದ ಗಾಡಿಯನ್ನು ಓಡಿಸುವಷ್ಟೇ ಜೋಪಾನವಾಗಿ ಸುತ್ತಿ, ಬೀಳದೆ ಉಳಿದವರಲ್ಲಿ ಕೊನೆಯವನಾಗಿ ಬಂದ.

ಅಧ್ಯಕ್ಷ ನಂಜಪ್ಪ ಅಧ್ಯಕ್ಷ ನಂಜಪ್ಪನ ಮಗನಿಗೆ ಬಹುಮಾನ ಕೊಟ್ಟ. ಹಾರವನ್ನು ಮಾತ್ರ ತಾನೇ ಹಾಕಿಸಿಕೊಂಡ. ಶಿಸ್ತು, ಶ್ರಮ, ಹಿರಿಯರ ಆಶೀರ್ವಾದ ಎಂದು ಮೈಕಿನಲ್ಲಿ ಹೇಳುತ್ತಿದ್ದಾಗ ಚಿಕ್ಕಬೋರಮ್ಮ ಮೇಜಿನ ಹತ್ತಿರ ಬಂದಳು. ಬುತ್ತಿಗಂಟು ಬಿಚ್ಚಿ, ರೊಟ್ಟಿಯ ಕೆಳಗಿಂದ ನೋಟಿನ ಕಟ್ಟು ತೆಗೆದು ಇಟ್ಟಳು.

“ನಾಕ್ ಸಾವ್ರ ಐತೆ ನೋಡ್ಕೊ. ಆ ಕೆಂಪ್ ಗಾಡಿ ಕೊಡ್ಸಪ್ಪ.”

ಚಲುವಯ್ಯ ನೋಟುಗಳನ್ನು ಎರಡು ಸಲ ಎಣಿಸಿದ. ತನ್ನ ರೂಲಿಗೆ ಜೀವ ಬಂದದ್ದು ಕಂಡು ಸಂತೋಷ, ಅದು ಯಾರ ಮೇಲೆ ಹಾರಿತೆಂದು ಕಂಡು ಭಯ, ಎರಡೂ ಒಟ್ಟಿಗೇ ಬಂದವು. ನಂಜಪ್ಪ ಹಾರ ಹಾಕಿಕೊಂಡೇ ಇಳಿದುಬಂದ.

“ಏನಂತೆ ಈಯಮ್ಮಂದು?”

ಚಲುವಯ್ಯ ಹತ್ತೊಂಬತ್ತನೆಯದನ್ನು ಓದಿದ. ಕೆಳಗಿದ್ದ ರುಜುವನ್ನೂ ತೋರಿಸಿದ. ನಂಜಪ್ಪನ ಮುಖ ಗಾಡಿಗಿಂತ ಕೆಂಪಾಯಿತು.

“ಲೇ ಚಲುವ! ಆ ಗಾಡಿಗೆ ನಾನು ಎಷ್ಟ್ ಸುರ್ದಿವ್ನಿ ಗೊತ್ತೇನ್ಲಾ? ಇಂಜಿನ್ನೇ ಬಿಚ್ಚಾಕಿ…”

ಅಷ್ಟರಲ್ಲಿ ಅವನಿಗೇ ಹೊಳೆದು ಬಾಯಿ ಮುಚ್ಚಿತು. ಜನ ಅತಾವುಲ್ಲಾನ ಕಡೆ ನೋಡಿದರು. ಅತಾವುಲ್ಲಾ ಆಕಾಶ ನೋಡಿದ.

“ನೀವ್ ಸುರೀತೀರ ಅಂತ್ಲೇ ಕಣ್ ಗೌಡ್ರೆ ನಾನ್ ಕಾಯ್ಕೊಂಡಿದ್ದು,” ಎಂದಳು ಚಿಕ್ಕಬೋರಮ್ಮ, ಬಹಳ ಮರ್ಯಾದೆಯಿಂದ. “ಗೆಲ್ಲೋ ಗಾಡಿ ಸಾವ್ಕಾರ್ರುದೇ ಆಗಿರ್ತದೆ ಅಂತ ಗೊತ್ತಿತ್ತು. ಚೆಂದಾಗ್ ರಿಪೇರಿ ಮಾಡಿಸ್ಲಿ ಅಂತ ಸುಮ್ಕಿದ್ದೆ. ನಮ್ಮಪ್ಪಾಜಿ, ಎಮ್ಮೆ ಕರ ಮಾರ್ಕೊಂಡ್ ಬಂದಿವ್ನಿ, ಕೊಟ್ಬುಡಿ.”

ನಂಜಪ್ಪ ಎಂಟು ಸಾವಿರ ಕೊಡುತ್ತೇನೆಂದ, ಹಣ ವಾಪಸು ತೆಗೆದುಕೋ ಎಂದ. ಮಾರಲು ಬಂದಿಲ್ಲ, ಕೊಳ್ಳಲು ಬಂದದ್ದು ಎಂದಳು. ನಾಲ್ಕು ತಾಲ್ಲೂಕಿನ ಜನ ನೋಡುತ್ತ ನಿಂತಿದ್ದರು. ಅಧ್ಯಕ್ಷನಾದವನು ತನ್ನ ರುಜುವನ್ನೇ ಅಳಿಸುವುದು ಹೇಗೆ? ಸಿಟ್ಟು ನೆತ್ತಿಗೇರಿದ ನಂಜಪ್ಪನಿಗೆ ಆಗ ಒಂದು ಮಹಾ ಉಪಾಯ ಹೊಳೆಯಿತು. ಜೇಬಿನಿಂದ ನಾಲ್ಕು ಸಾವಿರ ಎಣಿಸಿ ಮೇಜಿಗೆ ಬಡಿದ.

“ಹಂಗಾದ್ರೆ ನನ್ ಮಗಾನೂ ಓಟ ಮುಗ್ಸವ್ನೆ. ನಿನ್ ಗಾಡಿ ನಂಗ್ ಬೇಕು! ಕೊಕ್ಕೆ ಇಲ್ದೆ ಅದೆಂಗ್ ಹಾಲ್ ಸಾಗಿಸ್ತೀಯೋ ನಾನೂ ನೋಡ್ತೀನಿ.”

ಚಿಕ್ಕಬೋರಮ್ಮನ ಆ ಗಾಡಿಗೆ ಗುಜರಿಯವನು ಎಂಟುನೂರಕ್ಕಿಂತ ಒಂದು ಕಾಸು ಹೆಚ್ಚು ಹೇಳಿರಲಿಲ್ಲ. ಅವಳು, ನಂಜಪ್ಪನ ಮನಸ್ಸು ಬದಲಾಗುವ ಮುಂಚೆ, “ರೂಲ್ಸು ಅಂದ್ಮೇಲೆ ರೂಲ್ಸೇ ಅಲ್ವ್ರಾ,” ಎಂದು ಅವನು ಬಡಿದ ನೋಟುಗಳನ್ನು ರೊಟ್ಟಿಯ ಕೆಳಗೆ ಸೇರಿಸಿ ಗಂಟು ಕಟ್ಟಿದಳು. ಮೊಮ್ಮಗನಿಗೆ ಕೆಂಪು ಗಾಡಿ ಹತ್ತಲು ಹೇಳಿ ತಾನೂ ಹಿಂದೆ ಕೂತಳು. ಗಾಡಿ ಕಿರುಚಿಕೊಂಡು ಹಾರಿತು. ಕಿರಂಗೂರು ದಾಟುವವರೆಗೂ ಅದರ ಸದ್ದಿಗಿಂತ ಅವಳ ಸದ್ದೇ ಜೋರಾಗಿ ಕೇಳುತ್ತಿತ್ತು ಎಂದು ನೋಡಿದವರು ಹೇಳುತ್ತಾರೆ.

ಅವಳ ಸಂತೋಷ ಒಂದು ವಾರ ನಡೆಯಿತು. ರೇಸಿನ ಗಾಡಿಗೆ ಮೆಲ್ಲಗೆ ಹೋಗುವುದೇ ಗೊತ್ತಿರಲಿಲ್ಲ. ನಿಧಾನ ಮಾಡಿದರೆ ಆರಿಹೋಗುತ್ತಿತ್ತು, ಆರದಿದ್ದರೆ ಡೈರಿ ದಾಟಿ ಅರ್ಧ ಫರ್ಲಾಂಗು ಮುಂದೆ ಹೋಗಿ ನಿಲ್ಲುತ್ತಿತ್ತು. ಕ್ಯಾನಿನ ಮುಚ್ಚಳ ತೆಗೆದರೆ ಹಾಲಿಗಿಂತ ನೊರೆ ಹೆಚ್ಚು. ಒಂದು ದಿನ ಬೆಣ್ಣೆಯ ಗುಂಡುಗಳು ತೇಲುತ್ತಿದ್ದವು. ಎಂಟನೇ ದಿನ ಅವಳು ಬಸ್ಸಿನಲ್ಲಿ ಬಂದು ಚಲುವಯ್ಯನ ಎದುರು ನಿಂತಳು.

“ರೂಲ್ಸು ಚೆಂದಾಗೈತೆ ಕಣಪ್ಪ, ಗಾಡಿ ಸರಿಗಿಲ್ಲ. ಡೈರಿಗೋಗೋದ್ರೊಳ್ಗೆ ಅದೇ ಹಾಲ್ ಕಡ್ದು ಬೆಣ್ಣೆ ತೆಗೀತದೆ.”

ಗಾಡಿ ಮತ್ತೆ ಅತಾವುಲ್ಲಾನ ಅಂಗಡಿಗೆ ಬಂತು. ಹಾಕಿದ್ದನ್ನೆಲ್ಲ ತೆಗೆದು, ತೆಗೆದಿದ್ದನ್ನೆಲ್ಲ ಹಾಕಿ, ಕಂಪನಿಯಿಂದ ಬಂದ ಹಾಗೇ ಮಾಡಿ ಕೊಟ್ಟ. ಮಾಡಿದ್ದಕ್ಕೆ ನಂಜಪ್ಪನಿಂದಲೂ ಮುರಿದದ್ದಕ್ಕೆ ಚಿಕ್ಕಬೋರಮ್ಮನಿಂದಲೂ ಕೂಲಿ ಪಡೆದ. ಆ ವರ್ಷದ ರೇಸಿನಲ್ಲಿ ನಿಜವಾಗಿ ಗೆದ್ದವನು ಅವನೊಬ್ಬನೇ. ನಂಜಪ್ಪ ಸಿಟ್ಟಿನಿಂದ ತನ್ನ ಅಕ್ಕಿ ಲಾರಿಗಳನ್ನು ಬೇರೆ ವೇಬ್ರಿಡ್ಜಿಗೆ ಕಳಿಸಿದ. ಅಲ್ಲಿ ತೂಕ ಕಡಿಮೆ ತೋರಿಸುತ್ತದೆಂದು ಗೊತ್ತಾಗಿ ಮೂರನೇ ವಾರಕ್ಕೆ ಚಲುವಯ್ಯನಲ್ಲಿಗೇ ಬಂದ. ಅಪ್ಪು ಮಾತ್ರ ಕೊಕ್ಕೆಯ ಗಾಡಿಯನ್ನು ಹತ್ತಿ ನೆಮ್ಮದಿಯಾಗಿ ಕಾಲೇಜಿಗೆ ಹೋಗತೊಡಗಿದ. ಆ ಕೆಂಪು ಗಾಡಿಯ ಮೇಲೆ ಕೂತಾಗಲೆಲ್ಲ ಹೆದರಿಕೆಯಾಗುತ್ತಿತ್ತೆಂದು ಅವನು ಅಪ್ಪನಿಗೆ ಎಂದೂ ಹೇಳಲಿಲ್ಲ.

ಮರುವರ್ಷದ ಓಟಕ್ಕೆ ಹದಿನಾಲ್ಕು ಜನ ಸೇರಿದರು. ಹತ್ತೊಂಬತ್ತನೇ ರೂಲಿನ ಕೀರ್ತಿ ನಾಲ್ಕು ತಾಲ್ಲೂಕಿಗೂ ಹಬ್ಬಿತ್ತು. ಯಾರಾದರೂ ಕೇಳಿಬಿಟ್ಟಾರೆಂದು ಒಬ್ಬನೂ ನೆಟ್ಟಗಿನ ಗಾಡಿ ತರಲಿಲ್ಲ. ಮನೆಯ ಒಳ್ಳೆಯ ಮೊಪೆಡ್ಡನ್ನು ಕೊಟ್ಟಿಗೆಯಲ್ಲಿ ಮುಚ್ಚಿಟ್ಟು, ಗುಜರಿಯಿಂದ ಎತ್ತಿಕೊಂಡು ಬಂದಿದ್ದರು. ಒಂದಕ್ಕೆ ಸೀಟಿನ ಬದಲು ಗೋಣಿಚೀಲ, ಇನ್ನೊಂದಕ್ಕೆ ಬ್ರೇಕಿನ ಬದಲು ಸವಾರನ ಚಪ್ಪಲಿ. ನಂಜಪ್ಪ ಕೊಕ್ಕೆಯ ಗಾಡಿಯನ್ನೂ ಬಿಡದೆ ಬಚ್ಚಿಟ್ಟದ್ದರಿಂದ ಅಪ್ಪು ಸುಣ್ಣದ ಗೆರೆಯಾಚೆ ನಿಂತು ನೋಡಿದ. ಬಾವುಟ ಬಿದ್ದಾಗ ಐದು ಗಾಡಿ ಸ್ಟಾರ್ಟೇ ಆಗಲಿಲ್ಲ. ನಾಲ್ಕನೇ ಸುತ್ತಿಗೆ ಮೂರು ಉಳಿದವು, ಏಳನೆಯದಕ್ಕೆ ಒಂದೂ ಇಲ್ಲ. ಬಯಲಿನಲ್ಲಿ ಹಕ್ಕಿಯ ಸದ್ದು ಕೇಳುವಷ್ಟು ನಿಶ್ಶಬ್ದ. ಆಗ ನಾಗಮಂಗಲದ ಕಡೆಯ ಕುಳ್ಳಯ್ಯ ಎಂಬ ಹುಡುಗ ಗಾಡಿಯಿಂದಿಳಿದು, ಹ್ಯಾಂಡಲ್ ಹಿಡಿದು ತಳ್ಳತೊಡಗಿದ. ಅವನನ್ನು ನೋಡಿ ಇನ್ನಿಬ್ಬರೂ ತಳ್ಳಿದರು. ಉರಿಬಿಸಿಲಲ್ಲಿ ಮೂರೂವರೆ ಸುತ್ತು ತಳ್ಳಿ ಕುಳ್ಳಯ್ಯ ಮೊದಲು ಗೆರೆ ದಾಟಿ, ಅಲ್ಲೇ ಅಂಗಾತ ಬಿದ್ದ.

“ಇದ್ಯಾವ್ ಸೀಮೆ ರೇಸ್ಲಾ?” ಎಂದು ಜನ ಕೂಗಿದರು.

ಚಲುವಯ್ಯ ಕನ್ನಡಕ ಹಾಕಿಕೊಂಡು ಪುಸ್ತಕವನ್ನು ಮೊದಲಿನಿಂದ ಕೊನೆವರೆಗೆ ಹುಡುಕಿದ. ಸವಾರನೂ ಗಾಡಿಯೂ ಒಟ್ಟಿಗೇ ಗೆರೆ ದಾಟಬೇಕು ಎಂದಿತ್ತು. ಇಂಜಿನ್ನು ಓಡುತ್ತಿರಬೇಕು ಎಂದು ಎಲ್ಲೂ ಇರಲಿಲ್ಲ. ಕುಳ್ಳಯ್ಯನಿಗೇ ಬಹುಮಾನ ಕೊಟ್ಟ. ಮೈಕು ಹಿಡಿದು, ಒಬ್ಬ ತಂದೆಯೂ ಒಂದು ರೂಪಾಯಿ ಖರ್ಚು ಮಾಡದ ರೇಸು ಈ ಭೂಮಿಯ ಮೇಲೆ ಇದೊಂದೇ ಎಂದು ಹೆಮ್ಮೆಯಿಂದ ಸಾರಿದ. ಕೇಳಲು ಜನ ಉಳಿದಿರಲಿಲ್ಲ, ಮೈಕಿನವನು ವೈರು ಸುತ್ತುತ್ತಿದ್ದ.

ಮೂರನೇ ವರ್ಷ, ಇಂಜಿನ್ನು ಓಡುತ್ತಿರಬೇಕು ಎಂಬ ಮೂವತ್ತೆರಡನೇ ರೂಲೂ ಸೇರಿತು. ಓಡಲು ಬಂದವರು ಮಾತ್ರ ಯಾರೂ ಇಲ್ಲ. ಭಾನುವಾರಗಳಂದು ಹೆದ್ದಾರಿಯಲ್ಲಿ ಮತ್ತೆ ಸದ್ದು ಶುರುವಾಯಿತು. ಚಲುವಯ್ಯ ತೂಕದ ಕೋಣೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ. ಒಂದೊಂದು ಬ್ರೇಕಿನ ಕಿರುಚಾಟಕ್ಕೂ ಅವನ ಪೆನ್ನು ಕಾಗದದ ಮೇಲೆ ನಿಂತುಬಿಡುತ್ತಿತ್ತು. ಒಂದು ದಿನ ಅಪ್ಪುವೇ ನಾಲ್ಕಾರು ಹುಡುಗರನ್ನು ಕಟ್ಟಿಕೊಂಡು ಬಂದ.

“ಮಾಮ, ನಮ್ಮಪ್ಪಂಗೇಳಿ ಬಯ್ಲು ಬುಡ್ಸಿಕೊಡಿ ಸಾಕು. ರೂಲ್ಸು ಬ್ಯಾಡ.”

“ಒಂದೂ ಬ್ಯಾಡ್ವಾ?”

“ಹೆಲ್ಮೆಟ್ ಹಾಕ್ತೀವಿ. ಅಷ್ಟೇ.”

ಚಲುವಯ್ಯ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ನಂಜಪ್ಪನ ಮನೆಗೆ ಹೋದ. ಕಾಗದವಿಲ್ಲ, ರುಜುವಿಲ್ಲ ಎಂದು ಮೂರು ಸಲ ಆಣೆ ಮಾಡಿದ ಮೇಲೆಯೇ ನಂಜಪ್ಪ ಒಪ್ಪಿದ್ದು.

ಆ ಭಾನುವಾರ ಹುಡುಗರು ಇಡೀ ದಿನ ಗದ್ದೆಬಯಲಿನಲ್ಲಿ ಸುತ್ತಿದರು. ಒಬ್ಬರ ಗಾಡಿ ಇನ್ನೊಬ್ಬರು ಓಡಿಸಿದರು, ಬಿದ್ದರು, ಕೆಸರು ಮೆತ್ತಿಕೊಂಡು ನಕ್ಕರು, ಪೆಟ್ರೋಲ್ ಮುಗಿದಾಗ ಬಾಟಲಿಯಲ್ಲಿ ಹಂಚಿಕೊಂಡರು. ಯಾರು ಮೊದಲು, ಯಾರು ಕೊನೆ ಎಂದು ಯಾರೂ ಕೇಳಲೂ ಇಲ್ಲ. ಚಲುವಯ್ಯ ಬದುವಿನ ಮೇಲೆ ಬರಿಗೈಲಿ ನಿಂತಿದ್ದ. ಸಂಜೆ ಮನೆಗೆ ಬಂದವನು ಹೆಂಡತಿಯ ಮುಂದೆ ಮುಖ ಸಿಂಡರಿಸಿದ.

“ಅದೂ ಒಂದ್ ರೇಸಾ? ದನ ಬುಟ್ಟಂಗಿತ್ತು.”

“ಹಂಗಾದ್ರೆ ಮದ್ಯಾನ ಊಟಕ್ಯಾಕ್ ಬರ್ಲಿಲ್ಲ?” ಎಂದಳು ಅವಳು.

ಅವನು ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತು, ಪಾಂಡವಪುರದ ಹುಡುಗನೊಬ್ಬ ಮೂಲೆಯ ತಿರುವಿನಲ್ಲಿ ಮೊಣಕಾಲು ನೆಲಕ್ಕೆ ತಾಗುವಷ್ಟು ಹೇಗೆ ವಾಲುತ್ತಿದ್ದ ಎಂಬುದನ್ನು, ಮುದ್ದೆಯನ್ನು ತಟ್ಟೆಯ ಅಂಚಿನಲ್ಲಿ ಸುತ್ತಿಸಿ ಸುತ್ತಿಸಿ ತೋರಿಸತೊಡಗಿದ. ಹೆಂಡತಿ ಆರಿದ ಸಾರನ್ನು ಎರಡನೇ ಸಲ ಬಿಸಿ ಮಾಡಲು ಎದ್ದಳು.